ಹಳ್ಳದ ಕಡೆಯ ಬಾಗ

ಮೊನ್ನೆ ಮೋಮಿನಪುರದ ಒಂದು ಸಂದಿಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು "ಮೀಠೇ ಜಾಮ್, ಮೀಠೇ ಜಾಮ್" ಎಂದು ಕೂಗುತ್ತ ನನ್ನ ಪಕ್ಕದಿಂದಲೇ ಹಾದುಹೋದಳು. ನಮ್ಮ ಕಲಬುರ್ಗಿಯ ದಖನಿ ಉರ್ದುವಿನಲ್ಲಿ ಜಾಮ್ ಎಂದರೆ ಪೇರಲ ಹಣ್ಣು. ಹಿಂದೊಮ್ಮೆ ಉತ್ತರದ ಹಿಂದೂಸ್ತಾನದ ಕಡೆಯಿಂದ ನಮ್ಮ ಕಚೇರಿಗೆ ಮೇಲಧಿಕಾರಿಯಾಗಿ ಹೊಸದಾಗಿ ಬಂದ ಹಾಕಿಮರೊಬ್ಬರು ಈ ಕೂಗು ಕೇಳಿ, ಈ ಊರಿನಲ್ಲಿ ಹಾಡಹಗಲೇ ಮದ್ಯದ ಬಟ್ಟಲು ಮಾರುತ್ತಾರೆಂದು ಗಾಬರಿಯಾಗಿ ಜವಾನನನ್ನು ಓಡಿಸಿದ್ದರು. ಅವರ ಉರ್ದುವಿನಲ್ಲಿ ಜಾಮ್ ಎಂದರೆ ಅದೇ. ಜವಾನ ಒಂದು ಬುಟ್ಟಿ ಪೇರಲ ತಂದು ಅವರ ಮೇಜಿನ ಮೇಲಿಟ್ಟ. ಕಚೇರಿ ಎಂಟು ದಿನ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ಶಬ್ದವನ್ನು ತಪ್ಪಾಗಿ ತಿಳಿಯುವುದು ಬೇರೆಯವರ ಕಸುಬೆಂದು ಆಗ ನನಗೆ ಖಾತ್ರಿಯಿತ್ತು.

ನಗು ಹೋಗಲಿ. ಆ ಬುಟ್ಟಿಯ ವಾಸನೆ ಮೂಗಿಗೆ ಬಡಿದದ್ದೇ ಕಾಲು ಮುಂದೆ ಹೋಗಲಿಲ್ಲ. ಅಲ್ಲೇ ಬೀಡಿ ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಎಪ್ಪತ್ತು ದಾಟಿದವನು ಹೀಗೆ ದಾರಿಯಲ್ಲಿ ಕುಳಿತರೆ ಜನ ಒಳ್ಳೆಯದನ್ನು ಊಹಿಸುವುದಿಲ್ಲ. ಅಂಗಡಿಯವನು ನೀರು ತಂದುಕೊಟ್ಟು, "ಯಾಕ ಮುತ್ಯಾ, ಎದಿ ಹಿಡದದೇನು?" ಎಂದ. ಹೌದೆಂದೆ. ಸುಳ್ಳೇನೂ ಅಲ್ಲ. ಹಿಡಿದು ಮೂವತ್ತು ವರ್ಷದ ಮೇಲಾಯಿತು, ಬಿಟ್ಟಿಲ್ಲ, ಅಷ್ಟೇ.

ಆಗ ನಾನು ಕಲಬುರ್ಗಿಯ ಕಚೇರಿಯಲ್ಲಿ ತರ್ಜುಮೆ ಮುನ್ಷಿ. ಸರ್ಕಾರ ನಿಜಾಮರದು, ಸರ್ಕಾರದ ಭಾಷೆ ಉರ್ದು, ರೈತನ ಭಾಷೆ ಕನ್ನಡ. ರೈತ ಕನ್ನಡದಲ್ಲಿ ಅತ್ತರೆ ಹಾಕಿಮರಿಗೆ ಅದು ಉರ್ದುವಿನಲ್ಲಿ ಕೇಳಿಸಬೇಕು. ನಡುವೆ ಕುಳಿತು ಅಳುವನ್ನು ದಾಟಿಸುವವನು ನಾನು. ಕನ್ನಡದ ಮೂಲ ಕಾಗದ ಕಟ್ಟಿನ ತಳಕ್ಕೆ ಹೋಗುತ್ತಿತ್ತು, ನನ್ನ ತರ್ಜುಮೆ ಮೇಲೆ ಬರುತ್ತಿತ್ತು. ಅದರ ಆಧಾರದ ಮೇಲೆ ಹುಕುಂ ಆಗಿ ಮೊಹರು ಬಿದ್ದರೆ ಮುಗಿಯಿತು, ಹೊಲ ಮನೆ ಬಾವಿಗಳೆಲ್ಲ ನಾನು ಬರೆದಂತೆಯೇ ಇರತಕ್ಕದ್ದು. ದೇವರಿಗೂ ಇಷ್ಟೇ ಅಧಿಕಾರ ಇರಬೇಕು. ಅವನಿಗೆ ಮೇಲಧಿಕಾರಿ ಇಲ್ಲ, ನನಗೆ ಪೇಶಕಾರರೊಬ್ಬರಿದ್ದರು, ಅದೊಂದೇ ವ್ಯತ್ಯಾಸ.

ಮತ್ತು ನನಗೊಂದು ಹುಚ್ಚಿತ್ತು. ಮಹಾಪ್ರಾಣದ ಹುಚ್ಚು. ನಮ್ಮ ಸೀಮೆಯ ಜನ ಮಾತಿನಲ್ಲೂ ಬರಹದಲ್ಲೂ ಆ ಅಕ್ಷರಗಳ ಉಸಿರು ತೆಗೆದುಬಿಡುತ್ತಾರೆ. ಭೂಮಿ ಬೂಮಿಯಾಗುತ್ತದೆ, ಧಾನ್ಯ ದಾನ್ಯವಾಗುತ್ತದೆ, ಭೀಮಪ್ಪ ಬೀಮಪ್ಪನಾಗಿ ಹುಟ್ಟಿ ಬೀಮಪ್ಪನಾಗಿಯೇ ತೀರಿಹೋಗುತ್ತಾನೆ. ಇದನ್ನು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ. ಯಾವ ಕಾಗದ ಬಂದರೂ ಮೊದಲು ಅದರ ನಕಲು ಮಾಡಿಕೊಂಡು, ಕೆಂಪು ಮಸಿಯಿಂದ ಬ ಇದ್ದಲ್ಲಿ ಭ, ದ ಇದ್ದಲ್ಲಿ ಧ ತಿದ್ದಿ, ಆ ತಿದ್ದಿದ ನಕಲನ್ನು ಎದುರಿಗಿಟ್ಟುಕೊಂಡೇ ತರ್ಜುಮೆಗೆ ಕೂಡುತ್ತಿದ್ದೆ. ಯಾರೂ ಹೇಳಿದ್ದಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಮನೆಯಲ್ಲಿ ಮಕ್ಕಳ ಮಾತನ್ನೂ ಊಟದ ನಡುವೆ ತಡೆದು ತಿದ್ದುತ್ತಿದ್ದೆ. ನನ್ನ ಹೆಂಡತಿ ಗಂಗವ್ವ ಒಂದು ದಿನ ಕೈ ಮುಗಿದು, "ಊಟಕ್ಕ ಕೂತಾಗ ಆ ಭ ಅನ್ನಬ್ಯಾಡ್ರಿ ನೋಡ್ರಿ, ದೀಪ ಆರ್ತದ" ಎಂದಳು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ನಾವು ಕಮಲಾಪುರಕ್ಕೆ ಹೋದೆವು. ಆ ಹಬ್ಬಕ್ಕೆ ನಮ್ಮ ಕಡೆ ಇಡೀ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹೊಲವಿಲ್ಲದ ಕಚೇರಿಯ ಜನ ನಾವು, ಯಾರಾದರೂ ಕರೆಯಲೆಂದು ತಿಂಗಳ ಮೊದಲೇ ಎಲ್ಲರೆದುರು ಹಲ್ಲು ಕಿರಿಯಲು ಶುರುಮಾಡುತ್ತಿದ್ದೆವು. ಕಮಲಾಪುರದ ರಾಚಪ್ಪನವರು ಕರೆದರು. ಯಾವುದೋ ಕಾಗದಕ್ಕೆಂದು ಕಚೇರಿಗೆ ಬಂದಾಗ ಪರಿಚಯವಾದ ಮುದುಕರು. ಹಳ್ಳದ ಹತ್ತಿರ ಅವರಿಗೆ ಪೇರಲ ತೋಟವಿತ್ತು, ನಡುವೆ ಒಂದಿಷ್ಟು ಸೀತಾಫಲ, ಮೂಲೆಯಲ್ಲಿ ಮಾವು. ಹಬ್ಬ ಹುಣ್ಣಿಮೆಗೆ ಕಲಬುರ್ಗಿಯಿಂದಲೂ ಹುಮನಾಬಾದ ಕಡೆಯಿಂದಲೂ ಬಂಡಿ ಕಟ್ಟಿಕೊಂಡು ಮಕ್ಕಳುಮರಿಯೊಂದಿಗೆ ಜನ ಅಲ್ಲಿಗೆ ಹೋಗುತ್ತಿದ್ದರು. ಮಗಳು ನೀಲಾಗೆ ಆಗ ಏಳು ವರ್ಷ, ಮಗ ಚೆನ್ನುಗೆ ನಾಲ್ಕು. ನಸುಕಿನಲ್ಲಿ ಬಂಡಿ ಹೂಡಿಸಿ, ಮಹಾಗಾಂವದಲ್ಲಿ ರೊಟ್ಟಿ ತಿಂದು, ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆವು. ದಾರಿಯುದ್ದಕ್ಕೂ ಚೆನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದೇ ತ್ವಾಟ ಏನಪಾ?" ಜಾಲಿ ಗಿಡ ಕಂಡರೂ ಅದೇ ಪ್ರಶ್ನೆ.

ಬೆಳಿಗ್ಗೆ ಮಂಜು ಇಳಿದಿತ್ತು. ಗಿಡದ ಕೆಳಗೆ ನಾವು ನಾಲ್ವರೂ, ಹಣ್ಣು ಕೊಡುತ್ತಾರೆಂದು, ಪಂಕ್ತಿಯಲ್ಲಿ ಕುಳಿತವರಂತೆ ಕಾಯುತ್ತ ನಿಂತೆವು. ಯಾರೂ ಕೊಡಲಿಲ್ಲ. ರಾಚಪ್ಪನವರ ಮಗಳು ಚಂದಮ್ಮ ಬಂದು ಬರಿಯ ಬುಟ್ಟಿಯೊಂದನ್ನು ನೀಲಾಳ ತಲೆಯ ಮೇಲೆ ಟೋಪಿಯಂತೆ ಕವುಚಿ, ಕೊಕ್ಕೆ ಕಟ್ಟಿದ ಉದ್ದನೆಯ ದೋಟಿಯನ್ನು ನನ್ನ ಕೈಗೆ ಕೊಟ್ಟಳು.

"ನಾವು ಹರದು ಕೊಡಂಗಿಲ್ರಿ ಅಣ್ಣಾ. ಗಿಡ ಅದಾವ, ನಿಮಗ ಕೈ ಅದಾವ. ಹರಕೊಂಡು ತಿನ್ರಿ."

ನಾನು ದೋಟಿ ಎತ್ತಿದೆ. ಮೊದಲ ಏಟಿಗೆ ನನ್ನದೇ ರುಮಾಲು ಕೆಳಗೆ ಬಿತ್ತು. ಎರಡನೆಯ ಏಟಿಗೆ ನಾಲ್ಕು ಎಲೆ.

"ಅಯ್ಯ, ಕಲಂ ಹಿಡದಂಗ ಹಿಡದೀರಲ್ಲ!" ಚಂದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಣ್ಣಿನ ಮ್ಯಾಲ ರುಜು ಮಾಡ್ತೀರೇನ್ರಿ ಮುನಶಿ ಅಣ್ಣಾ?"

ಗಂಗವ್ವ ಅಷ್ಟು ನಕ್ಕದ್ದನ್ನು ನಾನು ಮದುವೆಯಾದ ಮೇಲೆ ನೋಡಿರಲಿಲ್ಲ.

ರಾಚಪ್ಪನವರನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಅವರು ನೀಲಾಳನ್ನು ಕೆಳಗಿನ ಕೊಂಬೆಯ ಹತ್ತಿರ ಎತ್ತಿ ಹಿಡಿದು, "ಕಣ್ಣಿಲೆ ನೋಡಬ್ಯಾಡ ಕೂಸಾ. ಕಣ್ಣು ಸುಳ್ಳು ಹೇಳ್ತದ. ಮೂಗು ಹತ್ತಿರ ತಾ" ಎಂದರು. ಅವಳು ಒಂದೊಂದೇ ಹಣ್ಣಿಗೆ ಮೂಗು ತಾಗಿಸುತ್ತ, ದೇವರ ಗುಡಿಯಲ್ಲಿ ಇದ್ದಷ್ಟು ಭಯಭಕ್ತಿಯಿಂದ, ಅರ್ಧ ತಾಸಿನಲ್ಲಿ ಮೂರು ಹಣ್ಣು ಹರಿದಳು. ಚೆನ್ನು ಅಷ್ಟರಲ್ಲಿ ಕೈಗೆ ಸಿಕ್ಕ ಕಲ್ಲಿನಂಥ ಕಾಯೊಂದನ್ನು ಕಿತ್ತಿದ್ದ. ಆ ತೋಟಕ್ಕೊಂದು ಕಾನೂನಿತ್ತು: ಕಾಯಿ ಹರಿದವರು ಕಾಯಿಯನ್ನೇ ತಿನ್ನಬೇಕು. ಚೆನ್ನು ಮುಖ ಹಿಂಡಿಕೊಂಡು ಇಡೀ ಕಾಯಿ ತಿಂದ. "ಹೆಂಗದ?" ಎಂದರು ಮುತ್ಯಾ. "ಛಲೋ ಅದ" ಎಂದ, ಕಣ್ಣಲ್ಲಿ ನೀರು ಹಾಕಿಕೊಂಡು. ತಪ್ಪನ್ನು ಒಪ್ಪಿಕೊಳ್ಳದಿರುವ ವಿದ್ಯೆ ನಮ್ಮ ವಂಶದಲ್ಲಿ ಬೇಗನೆ ಬರುತ್ತದೆ.

ಮಧ್ಯಾಹ್ನ ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳ ಹೋಳಿಗೆ. ಮುತ್ಯಾನ ತಮ್ಮನ ಮಗ ಮಲ್ಲೇಶಿಯೂ ನಮ್ಮೊಡನೆ ಊಟಕ್ಕೆ ಕುಳಿತಿದ್ದ. ಒಕ್ಕಲುತನ ಬಲ್ಲ, ಮಾತು ಕಡಿಮೆಯ ಗಟ್ಟಿ ಆಳು. ಮುತ್ಯಾ ಕೈ ತೊಳೆದು ಗಿಡಗಳನ್ನೂ ಚಂದಮ್ಮನನ್ನೂ ತೋರಿಸಿ ಹೇಳಿದರು: "ಇವೆಲ್ಲ ಈಕಿ ಕೈಯಾಗ ಬೆಳದಾವ್ರಿ. ಪ್ಲೇಗಿನ ವರ್ಷ ಗಂಡನ್ನ ಕಳಕೊಂಡು ಬಂದ್ಲು. ಆವತ್ತಿನಿಂದ ಒಂದು ಗಿಡ ಒಣಗಿಲ್ಲ. ನನ್ನ ಹಿಂದ ಗಿಡ ಈಕೀವು. ಇಂವಗ ಹೊಲ ಅದ, ಮನಿ ಅದ."

"ಹೌದ್ ದೊಡ್ಡಪ್ಪಾ," ಎಂದ ಮಲ್ಲೇಶಿ, ಹೋಳಿಗೆಯಿಂದ ಕಣ್ಣೆತ್ತದೆ. "ಈ ಕಾಯಿ ಕಾಯೂದು ನನ್ನಿಂದ ಆಗಂಗಿಲ್ಲ."

"ಇಂವ ಕಾದ್ರ ಹಣ್ಣು ಮಂದಿಗೆ ಉಳೀತಾವೇನು?" ಎಂದಳು ಚಂದಮ್ಮ. "ನೋಡ್ರಿ, ಅದು ಆರನೇ ಹೋಳಿಗಿ."

ಆ ಮಾತನ್ನು ನಾನು ನನ್ನ ಎರಡೂ ಕಿವಿಗಳಿಂದ ಕೇಳಿದ್ದೆ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಹೋಳಿಗೆಯ ಮಾತನ್ನಲ್ಲ, ಗಿಡದ ಮಾತನ್ನು.

ಯುಗಾದಿಯ ಬೆನ್ನಿಗೇ ಮುತ್ಯಾ ಜ್ವರ ಬಂದು ತೀರಿಹೋದರು. ಸುದ್ದಿ ಬಂದಾಗ ಕಚೇರಿಯಲ್ಲಿ ಕೆಲಸ ಬಹಳ ಇತ್ತು. ಕೆಲಸ ಬಹಳ ಇರದ ದಿನ ನನಗೆ ನೆನಪಿಲ್ಲ, ಆದರೂ ಅದನ್ನೇ ಕಾರಣವಾಗಿ ಹೇಳಿಕೊಂಡೆ, ಹೋಗಲಿಲ್ಲ. ಬಿಸಿಲು ಏರಿದ ಮೇಲೆ ಒಂದು ದಿನ ಚಂದಮ್ಮನೂ ಮಲ್ಲೇಶಿಯೂ ಒಂದೇ ಬಂಡಿಯಲ್ಲಿ ಕಲಬುರ್ಗಿಗೆ ಬಂದು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತರು. ಇಬ್ಬರ ನಡುವೆ ಜಗಳವಿರಲಿಲ್ಲ. ಮುತ್ಯಾ ತಮ್ಮ ಕೈಯಾರೆ ಒಂದು ಕಾಗದ ಬರೆದಿಟ್ಟಿದ್ದರು. ಆಸ್ತಿಯನ್ನು ಅದರಂತೆ ಇಬ್ಬರ ಹೆಸರಿಗೂ ಮಾಡಿಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ. ಅದು ತರ್ಜುಮೆಗೆ ನನ್ನ ಮೇಜಿಗೇ ಬರುವುದಿತ್ತು.

"ದೊಡ್ಡಪ್ಪ ಏನ್ ಬರದಾನೋ ಅದಾಗಲಿ," ಎಂದ ಮಲ್ಲೇಶಿ. "ನನ್ನದೇನೂ ಇಲ್ಲ."

ಚಂದಮ್ಮ ಗಂಗವ್ವ ಕೊಟ್ಟ ನೀರು ಕುಡಿದು ನನ್ನ ಕಡೆ ತಿರುಗಿದಳು. "ಚೆಂದಾಗಿ ಬರೀರಿ ಅಣ್ಣಾ. ನಮ್ಮಪ್ಪನ ಅಕ್ಷರ ಅಂದ್ರ ಕಾಗಿ ಕಾಲು, ಗುಬ್ಬಿ ಕಾಲು. ನೀವದೀರಿ ಅಂತ ನನಗ ಚಿಂತಿ ಇಲ್ಲ."

ಚೆಂದಾಗಿ ಬರೀರಿ ಎಂದಿದ್ದಳು. ಬರೆದೆ.

ಕಲಬುರ್ಗಿಯ ಬೇಸಿಗೆ ಮಧ್ಯಾಹ್ನ ಹೇಗಿರುತ್ತದೆಂಬುದನ್ನು ಊರವರಿಗೆ ಹೇಳಬೇಕಿಲ್ಲ, ಹೊರಗಿನವರು ನಂಬುವುದಿಲ್ಲ. ಕಿಟಕಿಗೆ ಕಟ್ಟಿದ ವಾಳದ, ಅಂದರೆ ಲಾವಂಚದ ಬೇರಿನ, ತಟ್ಟಿಗೆ ಜವಾನ ನೀರು ಎರಚುತ್ತಿದ್ದ, ಅದು ಅವನ ಬೆನ್ನು ತಿರುಗುವ ಮೊದಲೇ ಆರುತ್ತಿತ್ತು. ಮುತ್ಯಾನ ಕಾಗದದ ನಕಲು ಮಾಡಿಕೊಂಡು ಕೆಂಪು ಮಸಿ ತೆಗೆದೆ. ನಾಲ್ಕೇ ಸಾಲು. ಮನೆ ತಮ್ಮನ ಮಗ ಮಲ್ಲೇಶಿಗೆ. ಎರೆ ಹೊಲದಲ್ಲಿ ತನ್ನ ಪಾಲು ಏನುಂಟೋ ಅದೂ ಮಲ್ಲೇಶಿಗೆ. ಎತ್ತು ಅವನಿಗೇ. ಕೊನೆಯ ಸಾಲು: "ಹಳ್ಳದ ಕಡಿ ಬಾಗ ನನ್ನ ಮಗಳು ಚಂದಮ್ಮಗ."

ಬಾಗ. ನನ್ನ ಕೈ ತಾನಾಗಿ ಹೋಯಿತು. ಉಸಿರಿಲ್ಲದ ಆ ಬ ಮೇಲೆ ಕೆಂಪು ಮಸಿ ಬಿತ್ತು; ಬಾಗ ಭಾಗವಾಯಿತು. ಹಳ್ಳದ ಕಡೆಯ ಭಾಗ. ಅಂದರೆ ತೋಟದಲ್ಲಿ ಹಳ್ಳದ ಮಗ್ಗುಲಿಗಿರುವಷ್ಟು ಜಾಗ. ಮಿಕ್ಕದ್ದರ ಹೆಸರನ್ನು ಮುತ್ಯಾ ಎತ್ತಿರಲಿಲ್ಲವಾದ್ದರಿಂದ ಅದು ಗಂಡು ವಾರಸುದಾರನಿಗೆ ಹೋಗತಕ್ಕದ್ದು. ಓದಿ ನನಗೆ ಬೇಸರವಾದದ್ದು ನಿಜ. ಊಟದ ಹೊತ್ತಿಗೆ ಗಿಡವೆಲ್ಲ ಮಗಳದು ಎಂದ ಮುದುಕ ಬರೆಯುವ ಹೊತ್ತಿಗೆ ಕೈ ಬಿಗಿಹಿಡಿದುಬಿಟ್ಟನಲ್ಲ ಎಂದುಕೊಂಡೆ. ಮಾತು ಬೇರೆ, ಕಾಗದ ಬೇರೆ ಎಂಬುದು ಕಚೇರಿಯಲ್ಲಿ ಕಲಿಯುವ ಮೊದಲ ಪಾಠ. ಸತ್ತವರನ್ನು ಕ್ಷಮಿಸುವುದು ದೊಡ್ಡತನವಾದ್ದರಿಂದ ಮುತ್ಯಾನನ್ನು ಅಲ್ಲೇ ಕ್ಷಮಿಸಿ, ಉರ್ದುವಿನಲ್ಲಿ "ನಾಲೇ ಕೀ ಜಾನಿಬ್ ಕಾ ಹಿಸ್ಸಾ" ಎಂದು ಬರೆದೆ. ಹಳ್ಳದ ದಿಕ್ಕಿನ ಪಾಲು. ಓದಲು ಎಷ್ಟು ಚೆಂದವಿತ್ತೆಂದರೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಕಚೇರಿಯ ಲೆಕ್ಕದಲ್ಲಿ ಅಮರದಾದ, ಮನೆಯ ಪಂಚಾಂಗದಲ್ಲಿ ಜ್ಯೇಷ್ಠ, ಆ ತಿಂಗಳು ಮೊದಲ ಮಳೆಯ ಬೆನ್ನಿಗೆ ಹುಕುಂ ಹೊರಟಿತು. ಎಂಟು ದಿನಕ್ಕೆ ಚಂದಮ್ಮ ಬಂದಳು, ಈ ಸಲ ಒಬ್ಬಳೇ, ಸೀರೆಯ ಅಂಚೆಲ್ಲ ಕೆಸರು. ಪಡಸಾಲೆಗೆ ಹತ್ತದೆ ಬಾಗಿಲಲ್ಲೇ ನಿಂತು ಕಾಗದ ಚಾಚಿದಳು.

"ಇದೇನ್ ಹೇಳ್ತದ ಓದ್ರಿ ಅಣ್ಣಾ. ಪಟೇಲ ಏನೇನೋ ಅಂತಾನ. ಹಳ್ಳದ ದಂಡಿ ಅಷ್ಟೇ ನನ್ನದಂತ. ಅಲ್ಲಿ ಏನದ್ರಿ? ಈಚಲ ಗಿಡ ಅದಾವ. ಅವಾದ್ರೂ ನನ್ನವೇನು?"

ಅವೂ ಅವಳವಲ್ಲ. ಈಚಲ ಗಿಡದ ಸಿಂದಿ ಸರ್ಕಾರದ ಅಬಕಾರಿಯವರದು. ಒಟ್ಟಿನಲ್ಲಿ ನನ್ನ ತರ್ಜುಮೆ ಅವಳಿಗೆ ಕೊಟ್ಟದ್ದು ಕೆಸರು ಮತ್ತು ನೆರಳು, ಅದರಲ್ಲಿ ನೆರಳಿನ ಮೇಲೆ ಸರ್ಕಾರದ ಹಕ್ಕು.

"ನಿಮ್ಮಪ್ಪನೇ ಹಾಗೆ ಬರದಾರವ್ವ," ಎಂದೆ. "ಹಳ್ಳದ ಕಡೆಯ ಭಾಗ ಅಂತ."

"ಭಾಗ?" ಅವಳು ಆ ಶಬ್ದವನ್ನು ನಾನು ಹೇಳಿದಂತೆಯೇ ಹೇಳಲು ನೋಡಿದಳು, ಆಗಲಿಲ್ಲ. "ಬಾಗ ಅಂದ್ರ ತ್ವಾಟ ಅಲ್ಲೇನ್ರಿ? ಬರೆಯೂಮುಂದ ನಾನೇ ಬಾಜೂಕ ಕೂತಿದ್ದೆ. ತ್ವಾಟ ಅಂತ ಬರಿ ಅಪ್ಪಾ ಅಂದೆ. ಇಲ್ಲವಾ, ತ್ವಾಟ ಅಂದ್ರ ಅವರಿಗೆ ತಿಳಿಯಂಗಿಲ್ಲ, ಸರ್ಕಾರದ ಮಾತಿನಾಗ ಬಾಗ ಅಂತಾರ, ಹಂಗss ಬರದ್ರ ಚಲೋ ಅಂದ. ಸಣ್ಣಾಂವ ಇದ್ದಾಗ ಯಾವುದೋ ನವಾಬರ ಬಾಗಿನಾಗ ಕೆಲಸ ಮಾಡ್ಯಾನಲ್ರಿ ನಮ್ಮಪ್ಪ."

ನಾಳೆ ಕಚೇರಿಯಲ್ಲಿ ನೋಡುತ್ತೇನೆಂದೆ. ಗಂಗವ್ವ ಅವಳಿಗೆ ಊಟ ಬಡಿಸಿದಳು. ಅವಳು ಎರಡು ತುತ್ತು ತಿಂದು ಬಂಡಿ ಹೋಗುತ್ತದೆಂದು ಎದ್ದಳು. ಹೋಗುವಾಗ ಬಾಗಿಲಲ್ಲಿ ಮತ್ತೆ ತಿರುಗಿ, "ತ್ವಾಟ ಹೋದ್ರ ನಾ ಮಲ್ಲೇಶಿ ಮನಿ ಒಲಿ ಮುಂದ ಕೂಡಬೇಕ್ರಿ ಅಣ್ಣಾ, ಸಾಯೂತನಕ. ಬ್ಯಾರೆ ಎಲ್ಲಿ ಅದ ನನಗ?" ಎಂದಳು. ಮಲ್ಲೇಶಿಯನ್ನು ಬೈಯಲಿಲ್ಲ. ನನ್ನನ್ನು ಬೈಯುವ ವಿಚಾರ ಅವಳಿಗೆ ಹೊಳೆದಿರಲೇ ಇಲ್ಲ.

ಮರುದಿನ ಕಟ್ಟಿನ ತಳದಿಂದ ಮೂಲ ಕಾಗದ ತೆಗೆದೆ. ಬಾಗ. ಮುತ್ಯಾ ಸರಿಯಾಗಿಯೇ ಬರೆದಿದ್ದರು. ಆ ಶಬ್ದಕ್ಕೆ ಮಹಾಪ್ರಾಣ ಇರಲೇ ಇಲ್ಲ. ಅದು ಕನ್ನಡದ ಶಬ್ದವೇ ಅಲ್ಲ. ಹದಿಮೂರು ವರ್ಷ ಮೌಲವಿಗಳ ಕಾಲ ಬುಡದಲ್ಲಿ ಕುಳಿತು ಪಾರಸಿ ಓದಿ, ತೋಟಕ್ಕಿರುವ ಹತ್ತು ಹೆಸರನ್ನು ಬಾಯಿಪಾಠ ಮಾಡಿದವನು ನಾನು, ಅದರಲ್ಲಿ ಮೊದಲನೆಯದು ಬಾಗ. ಇನ್ನೂ ನಾಚಿಕೆಗೇಡಿನ ಸಂಗತಿ ಒಂದಿತ್ತು. ಎರಡು ಸಾಲು ಮೇಲೆ, ಹೊಲದ ಮಾತು ಬಂದಲ್ಲಿ, ಮುತ್ಯಾ ಪಾಲು ಎಂದು ಬರೆದಿದ್ದರು. ಪಾಲಿಗೆ ಪಾಲು ಎನ್ನುವ ಮನುಷ್ಯ ಎರಡು ಸಾಲು ಇಳಿದು ಭಾಗ ಎಂದೇಕೆ ಅನ್ನುತ್ತಾನೆ? ದಾರಿಹೋಕನೂ ಕೇಳಬಹುದಾದ ಪ್ರಶ್ನೆ. ನಾನು ದಾರಿಹೋಕನಲ್ಲ, ವಿದ್ವಾಂಸ; ಕೇಳಿರಲಿಲ್ಲ. ಸರ್ಕಾರಕ್ಕೆ ತಿಳಿಯಲೆಂದು ಮುದುಕರು ಸರ್ಕಾರದ್ದೇ ಶಬ್ದವನ್ನು ಹುಡುಕಿ ಇಟ್ಟಿದ್ದರು. ಅವರಿಗೂ ಸರ್ಕಾರಕ್ಕೂ ನಡುವೆ ಯಾರೂ ಇಲ್ಲದಿದ್ದರೆ ಅದು ನೆಟ್ಟಗೆ ತಲುಪುತ್ತಿತ್ತು.

ಆಗಲೇ ಎದ್ದು ಹತ್ತು ಹೆಜ್ಜೆ ನಡೆದು ಪೇಶಕಾರರ ಮುಂದೆ ನಿಂತಿದ್ದರೆ ಈ ಬರಹ ಇರುತ್ತಿರಲಿಲ್ಲ. ನಾನು ನಿಲ್ಲಲಿಲ್ಲ. ತಪ್ಪೊಪ್ಪಿಗೆಯೆಂದರೆ ಬಾಯಿಮಾತಿನಲ್ಲಿ ಹೇಳುವಂಥದ್ದಲ್ಲ, ಅರ್ಜಿ ಬರೆಯಬೇಕು. ಅರ್ಜಿಯಲ್ಲಿ ತಪ್ಪು ಹೇಗಾಯಿತೆಂಬ ವಿವರಣೆ ಬೇಕು. ವಿವರಣೆಯಲ್ಲಿ ಕನ್ನಡದ ಮಹಾಪ್ರಾಣದ ವಿಷಯ ಬರಬೇಕು. ಅದು ಉರ್ದು ಬಲ್ಲವರಿಗೆ ತಿಳಿಯುವಂತಿರಬೇಕು. ಓದಿದವರಿಗೆ ಇವನು ತಪ್ಪಿದ್ದೂ ಪಾಂಡಿತ್ಯದಿಂದಲೇ ಎಂದು ಅನಿಸಬೇಕು. ದಿನವೂ ಸಂಜೆ ಬರೆದೆ, ಬೆಳಿಗ್ಗೆ ಹರಿದೆ. ಒಂದು ದಿನ ಪೀಠಿಕೆ ಉದ್ದವಾಯಿತು. ಒಂದು ದಿನ ಕ್ಷಮೆ ಕೇಳಿದ ವಾಕ್ಯ ತೀರ ದೈನ್ಯದಿಂದ ಕೂಡಿದೆ ಅನಿಸಿತು. ಗಂಗವ್ವ ಒಮ್ಮೆ ಹಿಂದೆ ಬಂದು ನಿಂತು, "ಇನ್ನಾ ಮುಗೀಲಿಲ್ಲೇನ್ರಿ? ಚಂದಮ್ಮಗ ಏನಾತು?" ಎಂದಳು. "ಆಗ್ತದ, ಅವಸರ ಮಾಡಬಾರದು" ಎಂದೆ. ಹನ್ನೊಂದು ದಿನ. ಹೊರಗೆ ಮಳೆ ಜಿಟಿಜಿಟಿ ಹಿಡಿದಿತ್ತು. ಹನ್ನೆರಡನೆಯ ದಿನ, ಒಂದು ಅಕ್ಷರವೂ ಆಚೀಚೆ ಇಲ್ಲದ ಅರ್ಜಿಯನ್ನು ಪೇಶಕಾರರ ಮುಂದಿಟ್ಟೆ.

ಅವರು ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ಓದಿದರು, ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ಹೋಗಲೇ ಇಲ್ಲ.

"ಅರೆ ಮಿಯಾಂ," ಎಂದರು, "ಏಕ್ ಚಿಠ್ಠೀ ಲಿಖ್ ಕೋ ದೇತೇ ತೋ ಉಸೀಚ್ ದಿನ್ ರೋಕ್ ದೇತೇ ನಾ!"

ಒಂದು ಚೀಟಿ ಬರೆದುಕೊಟ್ಟಿದ್ದರೆ ಅದೇ ದಿನ ತಡೆ ಹಾಕುತ್ತಿದ್ದರಂತೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಎಚ್ಚರಿಕೆ ಕೊಡಲಿಲ್ಲ, ದನಿ ಕೂಡ ಏರಿಸಲಿಲ್ಲ. ಹುಕುಂ ತಿದ್ದಲು ಕೊಟ್ಟರು, ಹಾಕಿಮರು ರುಜು ಹಾಕಿದರು, ನಾಲ್ಕು ದಿನದಲ್ಲಿ ಹೊಸ ಕಾಗದ ತಯಾರಾಯಿತು. ಹನ್ನೊಂದು ದಿನ ನಾನು ಹೆದರಿದ್ದು ಯಾತಕ್ಕೆ ಎಂದು ಇಂದಿಗೂ ತಿಳಿದಿಲ್ಲ. ಕಾಗದ ಕೈಗೆ ಬಂದ ದಿನವೇ ಕಮಲಾಪುರದ ಕಡೆಯ ಒಬ್ಬ ಬಂಡಿಯವನು ಹೇಳಿದ: "ಆ ಪೇರಲ ತ್ವಾಟ ಏನ್ರಿ? ಕಡಿಯಾಕ ಹತ್ತಿ ಎಂಟು ದಿನಾದ್ವಲ್ರಿ. ಸುಣ್ಣದ ಭಟ್ಟಿಗೆ ಕಟಗಿ ಹೊಂಟಾವ."

ಮಳೆಗೆ ದಾರಿ ಕೆಟ್ಟು ಬಂಡಿ ಹೊರಡಲು ಹತ್ತು ದಿನ ಹಿಡಿಯಿತು; ಹುಕುಂ ತಲುಪಿಸಲು ನಾನೇ ಹೋದೆ. ಶ್ರಾವಣ ಆಗ ತಾನೇ ಹಿಡಿದಿತ್ತು. ನೀಲಾ, ಚೆನ್ನು ಇಬ್ಬರನ್ನೂ ಕರೆದುಕೊಂಡು ಹೋದೆ. ತೋಟಕ್ಕೆಂದು ಕುಣಿಯುತ್ತಿದ್ದರು, ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಎಂದು ಗಂಗವ್ವನಿಗೆ ಹೇಳಿದೆ. ಅದಲ್ಲ. ಸಣ್ಣ ಮಕ್ಕಳ ಎದುರಿಗೆ ಅವರ ಅಪ್ಪನನ್ನು ಯಾರೂ ಬೈಯುವುದಿಲ್ಲ. ಆ ಧೈರ್ಯಕ್ಕೆ ಕರೆದೊಯ್ದೆ. ಗಂಗವ್ವ ನನ್ನ ಮುಖ ನೋಡಿ ಬುತ್ತಿ ಕಟ್ಟಿಕೊಟ್ಟಳು, ತಾನು ಬರಲಿಲ್ಲ.

ಕೆಲವು ಗಿಡವಾದರೂ ಉಳಿದಿರಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಪೇರಲವನ್ನು ಕಡಿದರೂ ಬೊಡ್ಡೆ ಚಿಗುರುತ್ತದೆಂದು ಕೇಳಿದ್ದೆ. ಮಲ್ಲೇಶಿ ಅಚ್ಚುಕಟ್ಟಿನ ಒಕ್ಕಲಿಗ. ಬೇರನ್ನೂ ಅಗೆಸಿ ತೆಗೆದಿದ್ದ. ಕುಣಿ ಮುಚ್ಚಿ, ಹರಗಿ, ಹದ ತಪ್ಪುವ ಮೊದಲೇ ತೊಗರಿ ಬಿತ್ತಿದ್ದ. ಬೆರಳುದ್ದದ ಸಸಿಗಳು ಸಾಲುಸಾಲಾಗಿ ಎದ್ದಿದ್ದವು. ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಅಷ್ಟು ಚೆಂದದ ತೊಗರಿ ಹೊಲವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇದಲ್ಲಪಾ ತ್ವಾಟ," ಎಂದ ಚೆನ್ನು. "ನಾವು ದಾರಿ ತಪ್ಪೀವಿ."

ಅದೇ ಜಾಗವೆಂದು ಹಳ್ಳದ ಸದ್ದು ಕೇಳಿ ನೀಲಾಗೆ ಗೊತ್ತಾಗಿತ್ತು.

ಮಲ್ಲೇಶಿ ಕೊಡಲಿಯಂತೆ ನೆಟ್ಟಗೆ ನಮ್ಮ ಮುಂದೆ ಬಂದು ನಿಂತ. ಹೊಸ ಹುಕುಮಿನ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. "ಸಾಹೇಬ್ರ, ಹುಕುಂ ನೋಡಿ ಕಡದೀನ್ರಿ," ಎಂದ. "ದೊಡ್ಡಪ್ಪ ಹಂಗ ಬರದಿರಂಗಿಲ್ಲ ಅಂತ ನನಗೂ ಅನಸಿತ್ರಿ. ಖರೆ ಸರ್ಕಾರ ಬರದಿದ್ದು ಸುಳ್ಳಾಗ್ತದೇನ್ರಿ? ಈಗ ಇದು ಅಕ್ಕಂದಂದ್ರ ಅಕ್ಕಂದು. ಬಿತ್ತೀನಿ, ಬೆಳಿ ಆಕೀನೇ ತಗೊಳ್ಳಿ." ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಅವನ ಕೇಡಿಗತನದ ಮೇಲೆ ಎಲ್ಲವನ್ನೂ ಹೊರಿಸಿ ಊರಿಗೆ ಮರಳಬಹುದಿತ್ತು.

ಚಂದಮ್ಮ ಬದುವಿನ ಮೇಲೆ ಕುಳಿತಿದ್ದಳು. ಮಕ್ಕಳನ್ನು ಕಂಡು, "ಬರ್ರೆವ್ವಾ, ಬರ್ರೆಪಾ" ಎಂದು ಇಬ್ಬರನ್ನೂ ಎಡಕ್ಕೂ ಬಲಕ್ಕೂ ಕೂಡಿಸಿಕೊಂಡಳು. ಸೊರಗಿದ್ದಳು. ಕೈಗೆ ಮಾಡಲು ಕೆಲಸವಿಲ್ಲದೆ, ಸೆರಗಿನ ಅಂಚನ್ನು ಸುತ್ತುವುದು ಬಿಡಿಸುವುದು ಮಾಡುತ್ತಿದ್ದಳು. ನಾನು ಬಾಯಿ ತೆರೆದೆ. ಹನ್ನೊಂದು ದಿನದ ಮಾತನ್ನೂ ಹೇಳಿಬಿಡಬೇಕೆಂದು ದಾರಿಯಲ್ಲಿ ವಾಕ್ಯ ಜೋಡಿಸಿಕೊಂಡು ಬಂದಿದ್ದೆ.

"ತಪ್ಪು ನನ್ನದವ್ವ," ಎಂದೆ. ಅಷ್ಟಕ್ಕೇ ನಿಂತಿತು.

"ಗೊತ್ತದರಿ," ಎಂದಳು. ಬೈಯಲಿಲ್ಲ. "ಓದ್ರಿ, ಏನ್ ಬರದದ."

ಓದಿದೆ. ಹಳ್ಳದ ಕಡೆಗಿರುವ ಬಾಗವು, ಅದರೊಳಗಿನ ಸಮಸ್ತ ಗಿಡಮರ ಫಲಗಳ ಸಹಿತ, ಮುಸಮ್ಮಾತ್ ಚಂದಮ್ಮಳ ಪಾಲಿಗೆ ನಿರಂತರವಾಗಿ ಸಲ್ಲತಕ್ಕದ್ದು. ಕನ್ನಡದಲ್ಲಿ ಬಿಡಿಸಿ ಹೇಳಿದೆ. ತೊಗರಿ ಸಸಿಗಳ ಮೇಲೆ ಗಾಳಿ ಹಾಯ್ದು ಹೋಯಿತು.

"ಆ ಬಾಗ ಅಂಬೂದು ಎಲ್ಲಿ ಬರದದ? ತೋರಸ್ರಿ."

ಬೆರಳಿಟ್ಟು ತೋರಿಸಿದೆ. ಉರ್ದುವಿನಲ್ಲಿ ಆ ಶಬ್ದ ಮೂರೇ ಅಕ್ಷರ. ಮೊದಲಿನದಕ್ಕೆ ಕೆಳಗೊಂದು ಚುಕ್ಕೆ, ಕೊನೆಯದಕ್ಕೆ ಮೇಲೊಂದು ಚುಕ್ಕೆ. ಚಂದಮ್ಮ ಕಾಗದವನ್ನು ಮುಖದ ಹತ್ತಿರ ತಂದು ನೋಡಿದಳು.

"ಇಷ್ಟು ಸಣ್ಣದೇನ್ರಿ?"

ಚೆನ್ನು ಅವಳ ತೋಳಿನ ಕೆಳಗಿಂದ ತಲೆ ತೂರಿಸಿ ತಾನೂ ನೋಡಿದ. ಬಹಳ ಹೊತ್ತು ನೋಡಿ, ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, "ಅತ್ತಿ, ಇದಕ್ಕ ಎರಡss ಹಣ್ಣು ಬಿಟ್ಟಾವ" ಎಂದ.

ಚಂದಮ್ಮ ನಕ್ಕಳು. ನಗು ಅರ್ಧಕ್ಕೆ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೀಲಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅದನ್ನು ನಾನು ಕಲಿಸಿರಲಿಲ್ಲ. ಮಲ್ಲೇಶಿ ತಿರುಗಿ ಹಳ್ಳದ ಕಡೆ ನೋಡುತ್ತ ನಿಂತ.

ಚಂದಮ್ಮ ಮುಖ ಒರೆಸಿಕೊಂಡು, ಹುಕುಮನ್ನು ಮಡಿಕೆ ಇದ್ದ ಗೆರೆಯಲ್ಲೇ ಸರಿಯಾಗಿ ಮಡಚಿ ನನ್ನ ಕೈಗೆ ಕೊಟ್ಟಳು.

"ಬಾಗ ನೀವು ಇಟಗೋರಿ ಅಣ್ಣಾ. ನನಗ ಹೊಲ ಸಾಕು."

ಬೇಡವೆನ್ನಲು ನನ್ನ ಹತ್ತಿರ ಯಾವ ಭಾಷೆಯೂ ಇರಲಿಲ್ಲ. ತೆಗೆದುಕೊಂಡೆ. ಹೀಗಾಗಿ ಕಮಲಾಪುರದ ಹಳ್ಳದ ಕಡೆಗಿರುವ ಬಾಗ, ಅದರೊಳಗಿನ ಸಮಸ್ತ ಗಿಡಮರ ಫಲಗಳ ಸಹಿತ, ಆ ಶ್ರಾವಣದಿಂದ ನನ್ನ ಪೆಟ್ಟಿಗೆಯಲ್ಲಿದೆ. ಮೊಹರು ಸರಿಯಾಗಿ ಬಿದ್ದಿದೆ. ಅಕ್ಷರದಲ್ಲಿ ಒಂದೂ ತಪ್ಪಿಲ್ಲ.